ಸರಿಯಿದ್ದ ನಕ್ಷೆಗೆ ನಾನೆಳೆದ ಕೆಂಪು ಗೆರೆ

ಕಸ್ತೂರಿ, ನಿನ್ನ ನಕ್ಷೆ ಸರಿಯಾಗಿತ್ತು. ಸರಿ ಎಂದು ಗೊತ್ತಿದ್ದೂ ಅದರ ಮೇಲೆ ಅಡ್ಡ ಗೆರೆ ಎಳೆದು, ಕೆಂಪು ಶಾಯಿಯಲ್ಲಿ ‘ತಪ್ಪು’ ಎಂದು ಬರೆದವಳು ನಾನು. ಹನ್ನೆರಡು ವರ್ಷ ಈ ಮಾತನ್ನು ಯಾರ ಮುಂದೆಯೂ ಆಡಿರಲಿಲ್ಲ — ನನ್ನ ಗಂಡನ ಮುಂದೆಯೂ.

ಆಗ ನಾನು ಇಂಡಿಯಿಂದ ಸಿಂದಗಿ ಕಡೆಯ ನಿಮ್ಮೂರ ಹೈಸ್ಕೂಲಿಗೆ ಹೊಸದಾಗಿ ಬಂದಿದ್ದೆ. ಭೂಗೋಳವನ್ನು ಬಾಯಿಪಾಠ ಮಾಡಿಸಬಾರದು ಎಂಬ ಹುಮ್ಮಸ್ಸು. ಖರ್ಬೂಜ ಹಣ್ಣಿನ ಮೇಲೆ ಅಕ್ಷಾಂಶದ ಗೆರೆಗಳನ್ನು ಬರೆಸಿದೆ. ಬಕೆಟ್ಟಿನೊಳಗೆ ಎರೆಮಣ್ಣಿನ ಗುಡ್ಡ ಕಟ್ಟಿಸಿ, ಬೆರಳಗಲ ಬೆರಳಗಲ ನೀರು ಏರಿಸುತ್ತ, ನೀರು ಮುಟ್ಟಿದ ಕಡೆಯೆಲ್ಲ ಕಡ್ಡಿಯಿಂದ ಗೆರೆ ಕೊರೆಸಿ, ಎತ್ತರ ತೋರಿಸುವ ರೇಖೆಗಳನ್ನು ಕಲಿಸಿದೆ. ಬೇಸಿಗೆಯಲ್ಲಿ ಹೊಲದ ಬಿರುಕುಗಳಿಗೆ ಪಟ್ಟಿ ಇಳಿಸಿ ಆಳ ಅಳೆಸಿದೆ. ಒಂಬತ್ತನೇ ತರಗತಿಯ ನೀವೆಲ್ಲ ಆ ವರ್ಷ ನನ್ನ ಪಿರಿಯಡ್ಡಿಗೆ ಕಾಯುತ್ತಿದ್ದಿರಿ — ಅದಂತೂ ಸುಳ್ಳಲ್ಲ.

ಆಮೇಲೆ ಹೇಳಿದೆ: “ಪುಸ್ತಕದಾಗಿನ ನಕಾಶಿ ಬಿಡ್ರಿ. ನಿಮ್ಮೂರಿಂದು ನೀವಽ ಬರೀರಿ. ಹೆಜ್ಜಿ ಎಣಿಸ್ರಿ, ಹಿರ್‍ಯಾರನ್ನ ಕೇಳ್ರಿ. ಖರೇ ಇದ್ದದ್ದನ್ನ ಬರೀರಿ.”

ಬೇರೆಯವರು ಗುಡಿ, ಸಾಲೆ, ನೀರಿನ ಟಾಕಿ ಬರೆದರು. ನೀನು ಊರ ಹೊರಗಿನ ನಿಮ್ಮ ಓಣಿಯಿಂದ ನಿಮ್ಮವರ ಮಣ್ಣು ಮಾಡುವ ಜಾಗದವರೆಗೆ ಹಿಂದೆ ಇದ್ದ ಬಂಡಿಯ ದಾರಿಯನ್ನು ಬರೆಯಬೇಕೆಂದೆ. ಆ ದಾರಿಯನ್ನು ಉತ್ತು, ತೊಗರಿ ಬಿತ್ತಿ ಬಹಳ ವರ್ಷವಾಗಿತ್ತು. ಹೆಣ ಹೊತ್ತವರು ಊರನ್ನೆಲ್ಲ ಸುತ್ತಿ, ಮಳೆಗಾಲದಲ್ಲಿ ಹಳ್ಳದ ರಾಡಿಯಲ್ಲಿ ಇಳಿದು ಹೋಗಬೇಕಿತ್ತು. ಒಂದು ಭಾನುವಾರ, ನೀನು ಆಯಿ ಎನ್ನುತ್ತಿದ್ದ ನಿನ್ನ ಅಜ್ಜಿ ಕೋಲೂರಿಕೊಂಡು ಮುಂದೆ ನಡೆದಳು. ಬದುವಿನಲ್ಲಿ ಉಳಿದಿದ್ದ ಎರಡು ಗಡಿಕಲ್ಲು ತೋರಿಸಿದಳು. ನೀನು ಹೆಜ್ಜೆ ಎಣಿಸಿದೆ, ನಾನು ಪಕ್ಕದಲ್ಲಿ ಬರೆದುಕೊಂಡೆ. “ಈಗಿಲ್ಲದ ದಾರಿಯನ್ನ ತುಂಡು ಗೆರಿಲೆ ತೋರಸ್ಬೇಕವಾ” ಎಂದು ಹೇಳಿಕೊಟ್ಟವಳೂ ನಾನೇ. ನೀನು ಅದನ್ನು ಎಷ್ಟು ಚೆಂದ ಬರೆದಿದ್ದೆ...

ಪ್ರದರ್ಶನದ ದಿನ ನಕ್ಷೆಗಳನ್ನೆಲ್ಲ ಸಾಲೆಯ ಪಡಸಾಲೆಯ ಗೋಡೆಗೆ ಹಚ್ಚಿದೆವು. ಸಾಲೆಯ ಸಮಿತಿಯ ಅಧ್ಯಕ್ಷರು ಒಂದೊಂದನ್ನೇ ನೋಡುತ್ತ ಬಂದು ನಿನ್ನದರ ಮುಂದೆ ನಿಂತರು. ಆ ತೊಗರಿ ಹೊಲ ಅವರದು. ಅವರು ದನಿ ಏರಿಸಲಿಲ್ಲ.

“ಟೀಚರ್ರ, ಇದನ್ನ ನೀವು ಬರಸೀರೇನ್ರಿ?”

ಹೌದ್ರಿ ಎನ್ನಬಹುದಿತ್ತು. ಒಂದೇ ಶಬ್ದ. ಹೆಡ್‌ಮಾಸ್ತರರು ನನ್ನ ಮುಖ ನೋಡುತ್ತಿದ್ದರು. ನೀನೂ ನೋಡುತ್ತಿದ್ದೆ — ಟೀಚರ್ ಇದ್ದಾರೆ ಎನ್ನುವ ಧೈರ್ಯದಿಂದ.

“ಇಲ್ರಿ. ನಾ ಹೇಳಿಲ್ರಿ. ಆಕಿನಽ ಮನಸ್ಸಿಗೆ ಬಂದ್ಹಂಗ ಗೀಚ್ಯಾಳ.”

ಇಷ್ಟಕ್ಕೇ ನಿಲ್ಲಿಸಲಿಲ್ಲ. ಯಾರೂ ಕೇಳದೆಯೇ ಕೆಂಪು ಪೆನ್ನು ತೆಗೆದೆ. ಆ ತುಂಡು ಗೆರೆಯ ಮೇಲೆ ಅಡ್ಡ ಎಳೆದು, ‘ತಪ್ಪು’ ಎಂದು ಬರೆದು, ನಕ್ಷೆ ಕಿತ್ತು ನಿನ್ನ ಕೈಗಿತ್ತೆ. ನೀನು ಅಳಲಿಲ್ಲ. ‘ನೀವಽ ಬಂದಿದ್ರಲ್ರಿ’ ಎಂದು ಕೇಳಲೂ ಇಲ್ಲ. ಕಾಗದವನ್ನು ನಾಲ್ಕು ಮಡಿಕೆ ಮಾಡಿ, ನನ್ನನ್ನೇ ನೋಡಿದೆ — ಇವರು ಯಾರು ಎಂದು ಗುರುತು ಹಿಡಿಯುವವಳ ಹಾಗೆ.

ನಿನ್ನ ಅಪ್ಪ ಅದೇ ಹೊಲದಲ್ಲಿ ಕೂಲಿಗೆ ಹೋಗುತ್ತಿದ್ದ. ಮರುದಿನ ಮಗಳ ಪರವಾಗಿ ಅಧ್ಯಕ್ಷರಿಗೆ ಕೈಮುಗಿದು ಬಂದನೆಂದು ಕೇಳಿದೆ. ವಾರದ ಮೇಲೆ ದೇವರ ಹಿಪ್ಪರಗಿಯ ಸಂತೆಯಲ್ಲಿ ನಿನ್ನ ಆಯಿ ಎದುರಾದಳು.

“ಹಾದಿ ತೋರ್ಸಿದಾಕಿ ನಾನ್ರಿ ಟೀಚರ್ರ. ನಾ ಸುಳ್ಳು ತೋರ್ಸೀನೇನ್ರಿ?”

ನಾನು ಬಸ್ಸು ಬಂತೆಂದು ನಟಿಸಿ ನಡೆದುಬಿಟ್ಟೆ.

ನೀನು ಆ ವರ್ಷವೆಲ್ಲ ಪುಸ್ತಕದ ನಕ್ಷೆಗಳನ್ನೇ ಅಚ್ಚುಕಟ್ಟಾಗಿ ನಕಲು ಮಾಡಿದೆ. ನಾನು ಪೂರ್ತಿ ಅಂಕ ಕೊಟ್ಟೆ. ನಿನಗೆ ಅದು ಲಂಚದಂತೆ ಕಂಡಿರಬೇಕು. ಮುಂದೆ ಇಂಡಿಗೆ ವರ್ಗ ಮಾಡಿಸಿಕೊಂಡೆ.

ಹೋದ ವರ್ಷ ಬಸವನ ಬಾಗೇವಾಡಿಯಲ್ಲಿ ಶಿಕ್ಷಕರ ತರಬೇತಿ. ‘ನಮ್ಮೂರ ನಕ್ಷೆ’ ಎಂಬ ಕಲಿಕೆಯ ವಿಧಾನವನ್ನು ವಿವರಿಸಿದೆ. ಹೆಜ್ಜೆ ಎಣಿಸುವುದು, ಹಿರಿಯರನ್ನು ಕೇಳುವುದು, ತುಂಡು ಗೆರೆ — ಎಲ್ಲ ಹೇಳಿದೆ. ಚಪ್ಪಾಳೆ ಬಿತ್ತು. ಕೈಪಿಡಿಯಲ್ಲಿ ಹಾಕುತ್ತೇವೆಂದರು. ಚಹಾದ ಹೊತ್ತಿನಲ್ಲಿ ಒಬ್ಬಳು ಹತ್ತಿರ ಬಂದಳು. ನೀನು. ಪಕ್ಕದ ಕೋಣೆಯಲ್ಲಿ ಗಣಿತದವರ ತರಬೇತಿಗೆ ಮುದ್ದೇಬಿಹಾಳದ ಕಡೆಯಿಂದ ಬಂದಿದ್ದೆ.

“ಬಾಗಿಲದಾಗ ನಿಂತು ನಿಮ್ಮ ಪಾಠ ಕೇಳಿದ್ನಿರಿ. ಛಲೋ ಹೇಳಿದ್ರಿ.”

“ಗಣಿತ ಯಾಕ ತಗೊಂಡ್ಯವಾ? ನಿನಗ ಭೂಗೋಳ...” ಎಂದೇನೋ ತೊದಲಿದೆ.

“ಗಣಿತದಾಗ ಉತ್ತರ ಸರಿ ಇತ್ತಂದ್ರ, ಯಾರ ಮುಖಾ ನೋಡಿನೂ ತಪ್ಪು ಹಾಕಾಕ ಬರೂದಿಲ್ರಿ.”

ಸಿಟ್ಟಿನಿಂದ ಹೇಳಲಿಲ್ಲ ನೀನು. ಆಯಿ ತೀರಿದ ಸುದ್ದಿಯನ್ನೂ ಹಾಗೇ ಹೇಳಿದೆ — ಶ್ರಾವಣದ ಮಳೆಯಲ್ಲಿ, ಸುತ್ತುದಾರಿಯಲ್ಲೇ, ಮೊಣಕಾಲುದ್ದ ರಾಡಿಯಲ್ಲಿ ಒಯ್ದರೆಂದು. ಓಣಿಯವರು ದಾರಿಗಾಗಿ ತಹಸೀಲ್ದಾರರಿಗೆ ಅರ್ಜಿ ಕೊಟ್ಟಿದ್ದಾರೆಂದೂ, ಕಚೇರಿಯವರು ಆ ದಾರಿ ಕಂಡವರ ಸಾಕ್ಷಿ ಕೇಳುತ್ತಿದ್ದಾರೆಂದೂ ಹೇಳಿದೆ. ನನ್ನನ್ನು ಏನೂ ಬೇಡಲಿಲ್ಲ. ಗ್ಲಾಸು ಇಟ್ಟು ಒಳಗೆ ಹೋದೆ. ಒಮ್ಮೆ ನಂಬಿ ಕೆಟ್ಟವಳು ಮತ್ತೆ ಯಾಕೆ ಬೇಡುತ್ತಾಳೆ?

ಕೈಪಿಡಿಯವರಿಗೆ ನಡೆದದ್ದನ್ನೆಲ್ಲ ಬರೆದು, ನನ್ನ ಪಾಠ ಹಾಕಬೇಡಿರೆಂದೆ. ಮೊನ್ನೆ ರಜೆ ಹಾಕಿ ತಹಸೀಲ್ದಾರ ಕಚೇರಿಗೆ ಹೋಗಿ ಹೇಳಿಕೆ ಕೊಟ್ಟೆ: ಗಡಿಕಲ್ಲು ಕಂಡಿದ್ದೇನೆ, ಆ ಹುಡುಗಿಯ ಜೊತೆ ನಡೆದಿದ್ದೇನೆ, ಆಕೆ ಬರೆದದ್ದು ನಿಜ, ಸುಳ್ಳಾಡಿದವಳು ನಾನು. ದಾರಿ ಬಿಡಿಸುತ್ತಾರೋ ಇಲ್ಲವೋ, ತಿಳಿಯದು. ನೀನು ಕ್ಷಮಿಸಬೇಕೆಂದು ಇದನ್ನು ಮಾಡಲಿಲ್ಲ; ಆ ಮಾತು ಕೇಳುವ ಹಕ್ಕು ನನಗಿಲ್ಲ.

ಹೇಳಿಕೆ ಬರೆದುಕೊಳ್ಳುತ್ತಿದ್ದ ಗುಮಾಸ್ತರು ಪೆನ್ನು ಎತ್ತಿ ಹಿಡಿದು ಕೇಳಿದರು:

“ಇಷ್ಟು ವರ್ಷ ಯಾಕ ಹೇಳಲಿಲ್ಲ ಅಂತ ಕೇಳ್ತಾರ್ರಿ ಟೀಚರ್ರ. ‘ಮೊದ್ಲ ಗೊತ್ತಿರಲಿಲ್ಲ’ ಅಂತ ಹಾಕ್ಲೇನ್ರಿ?”

“ಬ್ಯಾಡ್ರಿ. ಗೊತ್ತಿತ್ತು. ಅಂಜಿ ಸುಮ್ನಿದ್ನಿ — ಹಂಗಽ ಬರಕೋರಿ.”

ಅವರು ಬರೆದುಕೊಂಡರು. ನಾನು ಓದಿ, ಸಹಿ ಮಾಡಿದೆ.