ನೋಡಿದ ಕಡೆಗೇ ನುಗ್ಗಿದ ಸೈಕಲ್

ಮೆಣಸೆಯ ಹತ್ತಿರ ಇಳಿಜಾರಿನ ಮಣ್ಣುದಾರಿಯಲ್ಲಿ ನನ್ನ ಗೇರ್ ಸೈಕಲ್ ಜೋರಾಗಿ ತಿರುವಿಗೆ ಬಂದಾಗ, ಹೊರ ಅಂಚಿನಲ್ಲಿ ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತ ಹೆಂಗಸೊಬ್ಬರು ಎದುರಾದರು. ಒಳಬದಿಯಲ್ಲಿ ಜೀಪು ಹೋಗುವಷ್ಟು ಜಾಗ ಖಾಲಿ ಇತ್ತು. ಆದರೂ ‘ಇವರಿಗೆ ತಾಗಬಾರದು’ ಎಂದುಕೊಳ್ಳುತ್ತ ನಾನು ಅವರನ್ನೇ ನೋಡುತ್ತಿದ್ದೆ. ಸೈಕಲ್ಲೂ ನೇರ ಅವರತ್ತಲೇ ನುಗ್ಗಿತು! ಅವರು ಸೊಂಟವನ್ನಷ್ಟೇ ತಿರುಗಿಸಿ ಥಟ್ಟನೆ ಪಕ್ಕಕ್ಕೆ ಸರಿದರು. ಹೊರೆ ಅಲ್ಲಾಡಲೂ ಇಲ್ಲ. ನಾನು ದಾರಿ ಪಕ್ಕದ ಧರೆಯ ಮಣ್ಣುಗೋಡೆಗೆ ಬಡಿದು ಬಿದ್ದೆ.

“ನನ್ನನ್ನೇ ನೋಡ್ತಾ ಬಂದ್ರೆ ನನ್ನ ಮೇಲೇ ಬರ್ತೀರಲ್ಲ ಮಾರಾಯ್ರೆ! ಹೊರೆ ಹೊತ್ತಾಗ ನಾವು ಗುಂಡಿ ನೋಡ್ತಾ ನಡೀತೀವಾ? ಹೋಗೋ ದಾರಿ ನೋಡ್ತೀವಪ್ಪ,” ಎಂದು ಗದರಿಸಿ, ನನಗೆ ಪೆಟ್ಟಾಗಿಲ್ಲವೆಂದು ಖಾತ್ರಿ ಮಾಡಿಕೊಂಡು ಹೊರಟರು.

ತಿರುವಿನಲ್ಲಿ ಸೈಕಲ್ ವಾಲಬೇಕು, ಮೈ ವಾಲಬಾರದು, ಹೊರಗಿನ ಕಾಲು ಕೆಳಗಿರಬೇಕು, ಕಣ್ಣು ತಿರುವಿನಾಚೆ ಇರಬೇಕು. ಕೊಪ್ಪದ ಗೆಳೆಯರಿಗೆಲ್ಲ ಈ ಪಾಠ ಹೇಳಿಕೊಟ್ಟವನು ನಾನೇ.

ಎದ್ದು ಹಿಂದೆ ನೋಡಿದೆ. ಅವರು ಸರಿಯುವ ಮೊದಲು ಇದ್ದಲ್ಲಿ, ಒದ್ದೆ ಮಣ್ಣಿನಲ್ಲಿ, ಅವರ ಬರಿಗಾಲಿನ ಗುರುತು ಸ್ಪಷ್ಟವಾಗಿತ್ತು. ನನ್ನ ಟಯರಿನ ಗೆರೆ ಅದರ ಮೇಲೇ ಹಾದುಹೋಗಿತ್ತು. ಆಮೇಲೆ ನಾನು ಯಾರಿಗೂ ಪಾಠ ಹೇಳಿಲ್ಲ.