ಮ್ಯಾನೇಜರ್ ‘ಆರಾಮಾಗಿರಿ’ ಅಂದ ದಿನ

ಹತ್ತಿ ಆರಿಸುವ ಹೆಂಗಸರನ್ನೆಲ್ಲ ಹೊಸ ಮ್ಯಾನೇಜರ್ ಅಂಗಳಕ್ಕೆ ಕರೆಸಿ ನಗುನಗುತ್ತ ಹೇಳಿದರು: "ನೀವೆಲ್ಲ ಇನ್ನು ಮೇಲೆ ಆರಾಮಾಗಿರಿ, ಆಯ್ತಾ?"

ಹತ್ತಿಯಿಂದ ಬೀಜ ಬಿಡಿಸುವ, ಭಾಲ್ಕಿಯ ಜಿನ್ನಿಂಗ್ ಫ್ಯಾಕ್ಟರಿ. ಬೀದರ ಆಗಷ್ಟೇ ಹೈದರಾಬಾದ್ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತ್ತು. ನಾನು ಅಲ್ಲಿ ಮಶೀನುಗಳಿಗೆ ಎಣ್ಣೆ ಹಾಕುತ್ತಿದ್ದೆ. ಬಿಸಿರಕ್ತ... ಜೇಬಿನಲ್ಲಿ ಸದಾ ಕನ್ನಡ ಚಳವಳಿಯ ಕರಪತ್ರ.

ಸಾಹೇಬರು ಉರ್ದು ಬಿಟ್ಟು ಕನ್ನಡ ಮಾತಾಡಿದರೆ ಅರ್ಧ ಅನ್ಯಾಯ ತಾನಾಗಿಯೇ ತೊಲಗುತ್ತದೆ ಎಂದು ನಂಬಿದ್ದೆ, ಎಲ್ಲರಿಗೂ ಹೇಳುತ್ತಲೂ ಇದ್ದೆ. ಮೈಸೂರು ಕಡೆಯ ಆ ಮ್ಯಾನೇಜರ್ ಬಾಯಿ ತೆರೆದರೆ ನನಗೆ ಹಬ್ಬ.

ಹೆಂಗಸರ ಮುಂದಾಳು ಕಾಶಮ್ಮ, ಖಟಕ ಚಿಂಚೋಳಿ ಊರಿನವಳು. ಒಬ್ಬಳ ದುಡಿಮೆಯಲ್ಲೇ ಮನೆ ನಡೆಸುತ್ತಿದ್ದಳು. ತಲೆಗೂದಲಲ್ಲಿ ಯಾವಾಗಲೂ ಹತ್ತಿಯ ಎಳೆ.

"ಆರಾಮ್ ಇದ್ದೇವ್ರಿ ಸಾಹೇಬ್ರ. ನೀವೂ ಆರಾಮ್ ಇದ್ದೀರಿಲ್ರೀ?" ಅಂದಳು.

ನಮ್ಮ ಕಡೆ ಆರಾಮ್ ಇದ್ದೇವೆ ಅಂದರೆ ಮೈಯಲ್ಲಿ ಜಡ್ಡಿಲ್ಲ, ಕಾಯಿಲೆಯಿಲ್ಲ ಎಂದರ್ಥ. ಸಾಹೇಬರು ಕ್ಷೇಮ ವಿಚಾರಿಸಿ ಒಳ್ಳೆಯದನ್ನು ಹಾರೈಸಿದರು ಅಂತಲೇ ಎಲ್ಲರೂ ತಿಳಿದೆವು. ಎಂಥ ಒಳ್ಳೆ ಮನುಷ್ಯ ಎಂದು ಹೊಗಳುತ್ತ ಮನೆಗೆ ಹೋದೆವು.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಕರೆಯುವ ಫ್ಯಾಕ್ಟರಿಯ ಭೋಂಗಾ ಕೂಗಿತು. ಬುತ್ತಿ ಕಟ್ಟಿಕೊಂಡು ಹೆಂಗಸರು ಬಂದರು. ಅವರಿಗೆ ಗೇಟು ತೆರೆಯಲಿಲ್ಲ.

ವ್ಯಾಪಾರ ಬಿದ್ದು ಅರ್ಧ ಮಶೀನುಗಳು ನಿಂತಿದ್ದವು. ಹತ್ತಿ ಆರಿಸುವ ಕೆಲಸವನ್ನೇ ಮುಚ್ಚಿದ್ದರು. ‘ಆರಾಮಾಗಿರಿ’ ಅಂದರೆ ನಾಳೆಯಿಂದ ಬರಬೇಡಿ ಅಂತ!

ಮೊದಲೇ ಕೆಲಸಕ್ಕೆ ಒಳಹೋಗಿದ್ದ ನಾನು ಗೇಟಿಗೆ ಓಡಿಬಂದೆ. ಕಾಶಮ್ಮ ಗೇಟಿನ ಸರಳು ಹಿಡಿದು ಮ್ಯಾನೇಜರನ್ನು ಕೇಳುತ್ತಿದ್ದಾಳೆ: "ಜಡ್ಡಿದ್ದವ್ರು ಮನಿಗಿ ಹೋಗ್ಬೇಕ್ರಿ. ಆರಾಮ್ ಇದ್ದವ್ರು ಯಾಕ ಹೋಗ್ಬೇಕು?"

"ಹಾಗಲ್ಲಮ್ಮ... ಆರಾಮಾಗಿ ಅಂದ್ರೆ..." ಎನ್ನುತ್ತಲೇ ಮ್ಯಾನೇಜರ್ ಆಫೀಸಿನ ಕಡೆ ತಿರುಗಿದರು.

ಕೊನೆಗೆ ನಾನೇ ಹೇಳಿದೆ. "ಅತ್ತಿ, ನಿಮ್ಮನ್ನ ಕೆಲಸದಿಂದ ತೆಗದಾರ."

ಅವಳು ನನ್ನನ್ನೇ ನೋಡಿದಳು. "ಮೊದಲಿನ ಸಾಹೇಬ ಬರ್ಖಾಸ್ತ್ ಅಂತಿದ್ದ, ತಿಳೀತಿತ್ತು. ನಿನ್ನ ಕನ್ನಡ ಬಂತಲ್ಲೋ ತಮ್ಮಾ, ಇನ್ನರ ಖುಷಿ ಆತೇನು?"

ಹಾಗೆಂದು ಜೋರಾಗಿ ನಕ್ಕಳು. ಆಮೇಲೆ ಬುತ್ತಿ ಬಿಚ್ಚಿ, ರೊಟ್ಟಿ ಮುರಿದು, ಸರಳುಗಳ ನಡುವಿನಿಂದ ನನಗೂ ಒಂದು ತುಂಡು ಕೊಟ್ಟಳು.

ಎಣ್ಣೆ ಡಬ್ಬಿ ಕೆಳಗಿಟ್ಟೆ. ಗೇಟಿನ ಪಕ್ಕದ ಸಣ್ಣ ಬಾಗಿಲಿನಿಂದ ಹೊರಗೆ ಹೋಗಿ ಅವರ ಜೊತೆ ಕುಳಿತೆ. ಕೆಲಸ ಯಾರಿಗೂ ವಾಪಸು ಸಿಗಲಿಲ್ಲ, ನನಗೂ ಕೂಡ. ಆದರೂ ಆ ಗೇಟಿನ ಮುಂದೆ ತಿಂದ ರೊಟ್ಟಿಯ ರುಚಿ ಮತ್ತೆಲ್ಲೂ ಕಾಣಲಿಲ್ಲ.

ಈಗ ಮೊಮ್ಮಗಳು ಫೋನಿನಲ್ಲಿ "ಅಜ್ಜಾ, ಆರಾಮ್?" ಅಂದಾಗೆಲ್ಲ ಹತ್ತಿಯ ಎಳೆ ಅಂಟಿದ ಆ ತಲೆ ನೆನಪಾಗುತ್ತದೆ.

ನಿಮ್ಮ ಕಂಪನಿಯಲ್ಲಿ ಜನರನ್ನು ತೆಗೆಯುವಾಗ ಯಾವ ಮೆತ್ತನೆಯ ಮಾತು ಹೇಳುತ್ತಾರೆ?