ಹಿಂಬಾಗಿಲಕ್ಕನ ಮುಖಕ್ಕೆ ಮೊಲ

"ಬಾಣಲೆ ಜಾರಿದ್ದು ಗೊತ್ತು ಕಣೇ, ಆಮೇಲಿಂದು ಸರಿಯಾಗಿ ಗೊತ್ತಿಲ್ಲ. ಕುದಿಯೋ ಎಣ್ಣೆ ಮೈಮೇಲೆ ಬಿದ್ರೆ ಮೊದ್ಲು ತಣ್ಣಗೆ ಅನ್ಸುತ್ತೆ, ನಗಬೇಡ, ನಿಜವಾಗ್ಲೂ. ಒಂದೇ ಗಳಿಗೆ ಅಷ್ಟೇ. ಆಮೇಲೆ ಮುಖ ನಂದೇ ಅಲ್ಲ ಅನ್ನೋ ಹಾಗಾಯ್ತು. ಜನ ಓಡಿ ಬಂದ್ರು, ಬರದೆ ಇರ್ತಾರಾ? ಒಬ್ಬ ಹಲ್ಲುಜ್ಜೋ ಪೇಸ್ಟ್ ತಂದ, ಇನ್ನೊಬ್ಬಳು ಹಿಟ್ಟು ಸುರಿದ್ಲು, ಮತ್ತೊಬ್ಬ ಪೆನ್ನು ಮುರಿದು ಶಾಯಿ ಬಳಿದ. ತಲೆಗೊಂದು ಬುದ್ಧಿ, ಕೈಗೊಂದು ಔಷಧಿ! ನಲ್ಲಿ ಪಕ್ಕದಲ್ಲೇ ಇತ್ತು, ಅಲ್ಲಿ, ನಮ್ಮನೆ ನಲ್ಲಿ ಇದೆಯಲ್ಲ, ಅಷ್ಟೇ ಹತ್ರ. ಒಬ್ರಾದ್ರೂ ತಿರುಗಿಸ್ಲಿಲ್ಲ. ಆಸ್ಪತ್ರೇಲಿ ಆ ಹಿಟ್ಟು ಪೇಸ್ಟು ಎಲ್ಲಾ ಕೆರೆದು ತೆಗೆದ್ರಲ್ಲ, ಚರ್ಮ ಅದರ ಜೊತೇಲೇ ಹೋಯ್ತು. ಸುಟ್ಟಿದ್ದು ಎಣ್ಣೆ, ಕೆಡಿಸಿದ್ದು ಜನರ ಕರುಣೆ. ಅದಕ್ಕೇ ಹೇಳ್ತೀನಿ, ಸುಟ್ರೆ ಹರಿಯೋ ತಣ್ಣೀರು ಬಿಡಿ. ಬೇರೇನೂ ಹಚ್ಚಬೇಡಿ. ನಿಮ್ಮಜ್ಜಿ ಬಂದು ಹೇಳಿದ್ರೂ ಹಚ್ಚಬೇಡಿ."

ಹೀಗೆಂದು ಹೇಳಿದವಳು ಒಂದು ಕ್ಯಾಂಟೀನಿನಲ್ಲಿ ತರಕಾರಿ ಹೆಚ್ಚುವ ಹೆಂಗಸು. ಮೊದಲು ಮುಂದಿನ ಒಲೆಯ ಮುಂದೆ ನಿಂತು ಕರಿಯುತ್ತಿದ್ದವಳು ಅವಳೇ. ಮುಖ ಸುಟ್ಟ ಮೇಲೆ ಯಜಮಾನ "ಗಿರಾಕಿಗಳಿಗೆ ತುತ್ತು ಇಳೀಬೇಕಲ್ಲಮ್ಮ" ಎಂದು ಅವಳನ್ನು ಹಿಂಬಾಗಿಲ ಮೆಟ್ಟಿಲಿಗೆ ಸಾಗಹಾಕಿದ. ಅಂದಿನಿಂದ ಎಲ್ಲರಿಗೂ ಅವಳು ಹಿಂಬಾಗಿಲಕ್ಕ. "ಈರುಳ್ಳಿ ಹೆಚ್ಚಿದ್ರೆ ನಂಗೆ ಒಂದೇ ಕಣ್ಣಲ್ಲಿ ನೀರು. ಅರ್ಧ ಅಳು ಉಳಿತಾಯ" ಎಂದು ತಾನೇ ನಗೆಯಾಡುತ್ತಿದ್ದಳು. ಆದರೆ ನಂಟರ ಮದುವೆಗಳಲ್ಲಿ ಎಲ್ಲರೂ ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳುವಾಗ, ಯಾರಾದರೊಬ್ಬರು ಅವಳ ಕೈಗೆ ಚೀಲವನ್ನೋ ಕೂಸನ್ನೋ ಕೊಟ್ಟು ಪಕ್ಕಕ್ಕೆ ಸರಿಸುತ್ತಿದ್ದರು. ಆಗ ಮಾತ್ರ ಅವಳಿಗೆ ನಗೆ ಬರುತ್ತಿರಲಿಲ್ಲ. ಒಂದೇ ಒಂದು ಪಟದಲ್ಲಿ, ಇದೇ ಮುಖದಲ್ಲಿ, ಎಲ್ಲರ ಎದುರು ಇರಬೇಕೆಂಬ ಆಸೆ ಅವಳ ಹೊಟ್ಟೆಯೊಳಗೇ ಉಳಿದಿತ್ತು.

ಅವಳ ಮಗಳ ಶಾಲೆಯ ವಿಜ್ಞಾನದ ಟೀಚರಮ್ಮ ಈ ಸಲ ಪಾಠವನ್ನು ಬರೆದು ಒಪ್ಪಿಸುವುದು ಬೇಡ ಎಂದರು. ಶಾಲೆಯ ಟ್ಯಾಬ್ ಮನೆಗೆ ಒಯ್ದು, ವಿಡಿಯೋ ಮಾಡಿ, ಕಲಿತದ್ದನ್ನು ತೋರಿಸಬೇಕು. ಮಗಳ ಪಾಲಿಗೆ ಬಂದದ್ದು ಸುಟ್ಟಗಾಯದ ಪ್ರಥಮ ಚಿಕಿತ್ಸೆ.

"ಅಮ್ಮಾ, ನೀನೇ ಹೇಳ್ಬೇಕು."

"ನನ್ನ ಮುಖ ತೋರಿಸ್ತೀಯಾ? ಇದನ್ನೇ?"

"ಮತ್ತೆ ಯಾರ್ದು ತೋರಿಸ್ಲಿ?"

ಅಷ್ಟು ಸಾಕಾಯಿತು. ತಾಯಿ ತಲೆ ಬಾಚಿ, ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ಕಿಟಕಿಯ ಬೆಳಕಿಗೆ ಸ್ಟೂಲ್ ಎಳೆದುಕೊಂಡು ಕೂತಳು. ಒಂದು ಸಲ ಹೇಳಿ ಮುಗಿಸಿದರೂ ಮಗಳು ಟ್ಯಾಬ್ ನೋಡುತ್ತ ಲೊಚಗುಟ್ಟಿದಳು.

"ಇನ್ನೊಂದ್ಸಲ ಹೇಳಮ್ಮ, ಅಲ್ಲಾಡಬೇಡ. ನಿನ್ನ ಮುಖ ಹಿಡಿಯೋಕೇ ಆಗ್ತಿಲ್ಲ ಇದಕ್ಕೆ."

"ಯಾಕಂತೆ?"

"ಇದು ಮುಖ ಅಂತ ಅದಕ್ಕೆ ಗೊತ್ತಾಗ್ತಿಲ್ಲ."

"ಪಾಪ, ಅದರದ್ದೇನು ತಪ್ಪು? ನಮ್ಮನೆ ಕನ್ನಡಿಗೂ ಅದೇ ಕಾಯಿಲೆ." ಪಟ ನಿಚ್ಚಳವಾಗಿ ಬರಲಿ ಎಂದು ಮಗಳು ಒದ್ದಾಡುತ್ತಿದ್ದಾಳೆಂದುಕೊಂಡು ಅವಳು ಕಲ್ಲಿನಂತೆ ಕೂತು ಎಲ್ಲವನ್ನೂ ಮತ್ತೆ ಹೇಳಿದಳು.

ಪಕ್ಕದ ಮನೆಯ ನಾದಿನಿಗೆ ಸುದ್ದಿ ಮುಟ್ಟಲು ತಡವಾಗಲಿಲ್ಲ. "ಏನತ್ತಿಗೆ, ಸಿನಿಮಾ ನಟಿ ಆಗ್ಬಿಟ್ರಂತೆ! ನಮ್ಮನ್ನ ಮರೀಬೇಡಿ."

"ಮರೀತೀನಾ? ಫೋಟೋ ತೆಗೆಯೋವಾಗ ಚೀಲ ನಿಮ್ಮ ಕೈಗೇ ಕೊಡ್ತೀನಿ."

ಶಾಲೆಯಲ್ಲಿ ವಿಡಿಯೋ ತೋರಿಸುವ ದಿನ ಮಗಳು "ಕೆಲಸ ಬಿಟ್ಟು ನೀನ್ಯಾಕೆ ಬರ್ತೀಯ?" ಎಂದಳು. ತಾಯಿ ಬೇಡಿಕೊಂಡು ಅರ್ಧ ದಿನ ರಜೆ ಪಡೆದು, ತಲೆ ತುಂಬ ಶಾಲು ಹೊದ್ದು, ಸಭಾಂಗಣದ ಕೊನೆಯ ಬೆಂಚಿನಲ್ಲಿ ಹೋಗಿ ಕೂತಳು. ತನ್ನ ವಿಡಿಯೋ ಬಂದಾಗ ಶಾಲು ಸರಿಸುವುದೆಂದು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದಳು.

ಪರದೆಯ ಮೇಲೆ ಅವಳ ದನಿ ಕೇಳಿತು, ಅವಳ ಬಟ್ಟೆ ಕಾಣಿಸಿತು. ಕತ್ತಿನ ಮೇಲೆ ಮಾತ್ರ ಮುಖ ಮುಚ್ಚುವಂತೆ ಟ್ಯಾಬ್ ಅಂಟಿಸಿದ ಒಂದು ಬಿಳಿ ಮೊಲದ ತಲೆ. ಬಾಯಿ ತೆರೆದರೆ ಎರಡು ಹಲ್ಲು. "ಚರ್ಮ ಅದರ ಜೊತೇಲೇ ಹೋಯ್ತು" ಎಂದಾಗ ಮೊಲದ ಕಿವಿಗಳು ಪಟಪಟ ಬಡಿದುಕೊಂಡವು. ಸಭಾಂಗಣಕ್ಕೆ ಸಭಾಂಗಣವೇ ಬಿದ್ದು ಬಿದ್ದು ನಕ್ಕಿತು. ಅಷ್ಟರಲ್ಲಿ ಪರದೆಯ ಹೆಂಗಸು ನಲ್ಲಿ ತೋರಿಸಲು ಪಕ್ಕಕ್ಕೆ ತಿರುಗಿದಳು. ಯಂತ್ರಕ್ಕೆ ಮುಖ ತಪ್ಪಿತು. ಮೊಲ ಎಗರಿ ಹಿಂದಿದ್ದ ಬಿಂದಿಗೆಯ ಮೇಲೆ ಕೂತಿತು. ಸುಟ್ಟ ಕೆನ್ನೆ, ಎಳೆದ ತುಟಿ, ಮುಚ್ಚಿದ ಕಣ್ಣು ಪರದೆ ತುಂಬ ನಿಂತವು. ಮುಂದಿನ ಸಾಲಿನ ಮಗುವೊಂದು ಕಿಟಾರನೆ ಕಿರುಚಿ ತಾಯಿಯ ಮಡಿಲೇರಿತು. ನಗು ನಿಂತೇಹೋಯಿತು.

"ಅಬ್ಬಾ! ಯಾರಮ್ಮ ಅದು?" ಎಂದರು ಟೀಚರಮ್ಮ.

ವೇದಿಕೆಯ ಮೇಲಿದ್ದ ಹುಡುಗಿ ಅಷ್ಟೂ ತಲೆಗಳ ಮೇಲಿಂದ ಕೊನೆಯ ಬೆಂಚನ್ನು ನೋಡಿದಳು. "ಯಾರೂ ಅಲ್ಲ ಮಿಸ್. ಅದೂ ಎಫೆಕ್ಟೇ. ಟ್ಯಾಬಲ್ಲೇ ಮಾಡಿದ್ದು."

"ಎಷ್ಟು ನಿಜ ಅನ್ಸುತ್ತೆ! ಮಕ್ಕಳೇ, ಕಲಿತಿದ್ದನ್ನ ತೋರಿಸೋದು ಅಂದ್ರೆ ಹೀಗೆ. ಚಪ್ಪಾಳೆ!"

ತಾಯಿಯ ಕೈ ಶಾಲಿನ ಅಂಚಿಗೆ ಹೋಗಿತ್ತು. ಸರಿಸಿದರೆ ಸಾಕು, ಎಲ್ಲರಿಗೂ ತಿಳಿಯುತ್ತಿತ್ತು; ಮಗಳು ಸುಳ್ಳಿ ಎಂಬುದೂ ಅದರ ಜೊತೆಗೇ ತಿಳಿಯುತ್ತಿತ್ತು. ವೇದಿಕೆಯ ಮೇಲೆ ಮಗಳ ತಲೆ ಕಂಡೂ ಕಾಣದ ಹಾಗೆ ಬೇಡವೆಂದು ಆಡಿತು. ತಾಯಿ ಶಾಲನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು.

"ಯಾಕ್ರೀ, ಚಪ್ಪಾಳೆ ತಟ್ಟಲ್ವಾ?" ಎಂದು ಪಕ್ಕದ ಹೆಂಗಸು ಮೊಣಕೈಯಿಂದ ತಿವಿದಳು. "ಆ ಭೂತದ ಮುಖ ನೋಡಿ ನಂಗೇ ಎದೆ ಝಲ್ ಅಂತು. ಏನು ಚೆನ್ನಾಗಿ ಮಾಡಿದ್ದಾಳೆ ಹುಡುಗಿ!"

"ಹೌದು, ಚೆನ್ನಾಗಿ ಬಂದಿದೆ" ಎಂದು ಹಿಂಬಾಗಿಲಕ್ಕ ತಟ್ಟಿದಳು.

ಸಂಜೆ ಮಗಳು ಬಾಗಿಲಲ್ಲೇ ನಿಂತಳು. "ಎಲ್ಲರೂ ನಗ್ತಾರೆ ಅಂತ ಹೆದರಿ ಮೊಲ ಹಾಕ್ದೆ ಅಮ್ಮಾ."

ಒಳಗೆ ತಾಯಿ ಶಾಲನ್ನು ಮಡಚಿ ಗೂಟಕ್ಕೆ ಹಾಕಿದಳು.

"ಬಯ್ಯಮ್ಮ. ಬೇಕಾದ್ರೆ ಹೊಡಿ. ಏನಾದ್ರೂ ಮಾತಾಡು."

"ಯಾರನ್ನ ಕರೀತಿದ್ದೀಯಾ? ಇಲ್ಲಿ ಯಾರೂ ಇಲ್ವಲ್ಲ."

ಹುಡುಗಿ ಹೊಸ್ತಿಲ ಮೇಲೇ ಕೂತು ಅತ್ತಳು. ಅವಳು ಅಳುವುದನ್ನು ತಾಯಿ ನೋಡಿದಳು, ತಡೆಯಲು ಹೋಗಲಿಲ್ಲ. ಹಗ್ಗದ ಮೇಲೆ ಒಣಗಿದ್ದ ಬಟ್ಟೆಗಳನ್ನು ತೋಳ ತುಂಬ ತಂದು ಮಂಚದ ಮೇಲೆ ಸುರಿದು, ಒಂದೊಂದನ್ನೇ ಕೊಡವಿ ಮಡಚತೊಡಗಿದಳು. ಮಗಳ ಯೂನಿಫಾರಂ ಕಾಲರಿನ ಕೊಳೆ ಪೂರ್ತಿ ಹೋಗಿರಲಿಲ್ಲ. ಅದನ್ನು ಮಾತ್ರ ಬೇರೆ ತೆಗೆದು, ಬಕೆಟ್ಟಿನಲ್ಲಿ ನೆನೆಹಾಕಿ, ಸೋಪಿನ ಪುಡಿ ಉದುರಿಸಿದಳು.